ಇಲಿಯ ಜೀವಕೋಶಕ್ಕೆ ಕೋಳಿ ಟಿಕೀಟು

ನಾನು ಎಷ್ಟು ಗಂಭೀರವಾದ ಕೆಲಸಕ್ಕೆ ಕೈ ಹಾಕುತ್ತೇನೋ ಅಷ್ಟೇ ದೊಡ್ಡ ನಗೆಪಾಟಲು ಕಾದಿರುತ್ತದೆ. ಬರ್ಲಿನ್ನಿನಲ್ಲೂ ಹಾಗೇ, ಬ್ಯಾಂಕಾಕಿನಲ್ಲೂ ಹಾಗೇ. ಹಾಸನ ಯಾಕೆ ಬಿಟ್ಟೀತು?

ತೊಂಬತ್ತರ ದಶಕದ ಕೊನೆಗೆ ಅಲ್ಲೊಂದು ಸಣ್ಣ ಪ್ರಯೋಗಾಲಯಕ್ಕೆ ಬಂದು ಕೂತೆ. ಹಸುಗಳ ಗಬ್ಬ ಕಳೆಯುವ ರೋಗಾಣುವನ್ನು ಹಿಡಿದು ತೋರಿಸುವ ಪ್ರತಿಕಾಯ ಹುಡುಕುವುದು ಕೆಲಸ. ಆ ರೋಗಾಣು ಚುಚ್ಚಿದ ಇಲಿಯ ಕೋಶಕ್ಕೆ ಕ್ಯಾನ್ಸರ್ ಕೋಶ ಬೆಸೆದರೆ ಸಾಯದ ಸಂತತಿ ಹುಟ್ಟುತ್ತದೆ. ಒಂದೊಂದು ವಂಶದ್ದೂ ಒಂದೊಂದು ಬಗೆಯ ಪ್ರತಿಕಾಯ. ನೂರಾರು ವಂಶಗಳಲ್ಲಿ ಸರಿಯಾದ್ದನ್ನು ಆರಿಸಬೇಕು. ಸಿಗದಿದ್ದರೆ ಪ್ರಯೋಗಾಲಯಕ್ಕೆ ಬೀಗ ಅಂದಿದ್ದರು ಮೇಲಿನವರು.

೧. ಬಸ್ಸಿನಲ್ಲಿ

ಹಾಗೆ ಬೆಸೆದ ಕೋಶಗಳನ್ನು ಬೆಂಗಳೂರಿನಿಂದ ತರಬೇಕಿತ್ತು. ಮೈಬಿಸಿ ತಪ್ಪಿದರೆ ಕೆಡುತ್ತವೆಂದು ಗುಲಾಬಿ ದ್ರವದ ಬಾಟಲಿಯನ್ನು ಸೆರಗಿನೊಳಗೆ ಅವಚಿಕೊಂಡು ಕೂತೆ. ಚನ್ನರಾಯಪಟ್ಟಣದಲ್ಲಿ ಕಂಡಕ್ಟರ್ ಕಣ್ಣು ಬಿತ್ತು.

“ಏನಮ್ಮಾ ಅದು, ಶರಬತ್ತಾ?”

“ಅಲ್ಲಪ್ಪ, ಜೀವ ಇರೋದು.”

“ಜೀವ ಐತಾ? ಅಂಗಾರೆ ಕೋಳಿ ಟಿಕೀಟು ತಗಳಿ.”

ಎಷ್ಟೋ ದೇಶದ ಕಸ್ಟಮ್ಸಿನವರು ನನ್ನ ಪೆಟ್ಟಿಗೆ ಬಿಚ್ಚಿಸಿದ್ದಾರೆ. ಕಾನೂನು ಇಷ್ಟು ಸ್ಪಷ್ಟವಾಗಿ ಯಾರಿಗೂ ಗೊತ್ತಿರಲಿಲ್ಲ.

೨. ಎಲ್ಲವೂ ನೀಲಿ

ಆರಿಸುವುದಕ್ಕೆ ಇಡ್ಲಿ ತಟ್ಟೆಯ ಮರಿಯಂಥ, ಪುಟ್ಟ ಗುಳಿಗಳ ತಟ್ಟೆ. ತಳಕ್ಕೆ ರೋಗಾಣು ಅಂಟಿಸಿ, ಉಳಿದ ಜಾಗವನ್ನು ಹಾಲಿನಿಂದ ಮುಚ್ಚಿ, ಮೇಲೆ ಒಂದೊಂದು ವಂಶದ ರಸ ಹಾಕಬೇಕು. ರೋಗಾಣುವನ್ನು ಹಿಡಿದ ರಸದ ಗುಳಿ ಕೊನೆಗೆ ಬಣ್ಣದ ಮದ್ದು ಹಾಕಿದಾಗ ನೀಲಿಯಾಗುತ್ತದೆ.

ಅವತ್ತು ಹಾಲಿನ ಪುಡಿ ಮುಗಿದಿತ್ತು. ಹಾಸನದಲ್ಲಿ ಹಾಲಿಗೇನು ಬರ? ದುದ್ದದಿಂದ ಬರುವ ಹಾಲಿನಾಕೆಯ ಹಸಿ ಹಾಲನ್ನೇ ಸುರಿದೆ. ತಟ್ಟೆ ಪೂರ್ತಿ ನೀಲಿ! ಎಲ್ಲರಿಗೂ ಮೈಸೂರುಪಾಕು ಹಂಚಿದೆ. ಆಮೇಲೆ ನೋಡಿದರೆ ಯಾವ ರಸವನ್ನೂ ಹಾಕದ ಗುಳಿಗಳೂ ನೀಲಿ. ಹಸಿ ಹಾಲಿಗೇ ಆ ಬಣ್ಣ ಬರಿಸುವ ಗುಣವಿದೆಯೆಂದು ಹೊಳೆದದ್ದು ಮೈಸೂರುಪಾಕು ಖಾಲಿಯಾದ ಮೇಲೆ.

ಮಾರನೆಯ ಬೆಳಿಗ್ಗೆ “ನಿನ್ನ ಹಾಲಿಂದ ಎಡವಟ್ಟಾಯ್ತು ಕಣಮ್ಮ” ಅಂದೆ, ಅಷ್ಟೆ.

“ಅಯ್ಯೋ, ಒಂದೇ ಚೊಂಬು ಕಣಕ್ಕ ನೀರು ಬೆರ್ಸಿದ್ದು!”

ಇನ್ನಷ್ಟು ಬೆರೆಸಿದ್ದರೆ ನನ್ನ ಮಾನ ಉಳಿಯುತ್ತಿತ್ತೇನೋ.

೩. ಕಡ್ಡಿ

ಕಡೆಗೂ ಬೇಕಾದ ವಂಶ ಸಿಕ್ಕಿತು. ಕೆಡದಂತೆ ಇಡಲು ಹಿಮಕ್ಕಿಂತ ತಣ್ಣನೆಯ ಕ್ಯಾನು ಬೇಕು. ಅದು ಇದ್ದದ್ದು ಹೊಳೆನರಸೀಪುರದಲ್ಲಿ, ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡುವ ಒಬ್ಬಾತನ ಬಳಿ. ಒಳಗೆಲ್ಲ ಹೋರಿಯ ವೀರ್ಯ ತುಂಬಿದ, ಸಣ್ಣ ಕೊಳವೆಯಂಥ ಕಡ್ಡಿಗಳು. ನಾನೂ ಅಂಥವೇ ಎರಡು ಖಾಲಿ ಕಡ್ಡಿಗಳಿಗೆ ನನ್ನ ಕೋಶ ತುಂಬಿ ಅಲ್ಲೇ ಇಟ್ಟೆ.

ಆಮೇಲೆ ಕರೆಂಟು ಕೈಕೊಟ್ಟು ಪ್ರಯೋಗಾಲಯದಲ್ಲಿದ್ದ ಕೋಶಗಳೆಲ್ಲ ಸತ್ತವು. ಹೊಳೆನರಸೀಪುರಕ್ಕೆ ಓಡಿದೆ. ಕ್ಯಾನಿನಲ್ಲಿ ಒಂದೇ ಕಡ್ಡಿ!

“ಇನ್ನೊಂದೆಲ್ಲಪ್ಪಾ?”

ಆತ ತಲೆ ಕೆರೆದ. “ಅರ್ಜೆಂಟಲ್ಲಿ ಕೈಗೆ ಸಿಕ್ತು ಮೇಡಮ್ಮೋರೆ. ಅರಕಲಗೂಡು ತಾವ ಒಂದು ಸೀಮೆಹಸಕ್ಕೆ ಆಕ್ಬುಟ್ಟೆ.”

ಪುಣ್ಯಕ್ಕೆ ಉಳಿದ ಕಡ್ಡಿಯ ಕೋಶಗಳು ಬದುಕಿದವು, ಪ್ರಯೋಗಾಲಯವೂ ಬದುಕಿತು. ಆದರೆ ಹಸುವಿನ ಮನೆಗೆ ಹೋಗಿ ವಿಷಯ ತಿಳಿಸುವುದು ನನ್ನ ಪಾಲಿಗೆ ಬಂತು. ಬಾಯೊಣಗಿಸಿಕೊಂಡು ವಿಜ್ಞಾನವೆಲ್ಲ ಒಪ್ಪಿಸಿದೆ.

“ಇಲೀದಾ?” ಅಂದರು ಆ ಮನೆಯ ಅಜ್ಜಿ.

“ಹೂಂ ಅಜ್ಜಿ.”

ಹಸುವಿನ ಹೊಟ್ಟೆ ನೋಡಿದರು, ನನ್ನ ಮುಖ ನೋಡಿದರು, ಒಳಗೆ ಹೋಗಿ ಕಾಫಿಗಿಟ್ಟರು.

ಮುಂದಿನ ಸಲ ಆತ ಹೋರಿಯ ಕಡ್ಡಿಯನ್ನೇ ಹಾಕಿದ, ಹಸು ಗಬ್ಬವಾಯಿತು, ಈದಿತು. ಅಪರಾಧಿಯ ಹಾಗೆ ಮತ್ತೆ ಹೋದೆ.

“ಕರು ಹೇಗಿದೆ ಅಜ್ಜಿ?”

“ಎಲ್ಲಾ ನೆಟ್ಟಗೈತೆ ಕಣವ್ವ. ಬೆಕ್ಕು ಕಂಡ್ರೆ ಮಾತ್ರ ಬಾಲ ಎತ್ಕಂಡು ಓಡ್ತದೆ!”