ಕಾಗೆಗೆ ಇಟ್ಟ ಗ್ರಾಫಿಕ್ಸ್ ಕಾರ್ಡು

ನಮ್ಮ ಬೀದಿಯಲ್ಲಿ ತಿಂಗಳಿಗೊಂದಾದರೂ ಇಂಥದ್ದು ಆಗ್ತಾನೇ ಇರ್ತದೆ. ನಾನು ಕತೆ ಕಟ್ತೀನಿ ಅಂತಾರೆ. ಕಟ್ಟೋ ಕಷ್ಟ ನನಗ್ಯಾಕೆ? ಜಗಲಿ ಮೇಲೆ ಅವರೆಕಾಯಿ ಸುಲೀತಾ ಕೂತರೆ ಸಾಕು, ಎದುರು ಮನೆಯೋರೇ ಕಟ್ಟಿ ಕೊಡ್ತಾರೆ. ಎದುರು ಮನೆ ಗಾಣದ ಫಿಟ್ಟರದ್ದು. ಮದ್ದೂರು ಸುತ್ತಮುತ್ತ ಯಾವ ಆಲೆಮನೆಯಲ್ಲಿ ಕಬ್ಬಿನ ಗಾಣ ಕೆಟ್ಟರೂ ಅವನೇ ಹೋಗಬೇಕು. ಅವನು, ಅವನ ಹೆಂಡ್ತಿ, ಒಬ್ಬನೇ ಮಗ. ನಗು ಬಂದರೆ ನಗಿ. ನಾನೂ ನಕ್ಕಿದ್ದೀನಿ, ಆಮೇಲೆ ಸೆರಗಲ್ಲಿ ಮುಖ ಒರೆಸಿಕೊಂಡಿದ್ದೀನಿ.

ಕೊಲೆ ಸಂಚು

ಮಗ ಮಳವಳ್ಳಿಯಲ್ಲಿ ಜೆರಾಕ್ಸ್ ಅಂಗಡಿ ಕೆಲಸಕ್ಕೆ ಹೋಗ್ತಿದ್ದ. ಎಲ್ಲಿಂದಲೋ ಹಳೇ ಕಂಪ್ಯೂಟರ್ ಒಂದನ್ನ ತಂದು ನಡುಮನೆಯಲ್ಲಿ ಇಟ್ಟುಕೊಂಡ. ಒಂದು ಭಾನುವಾರ ಬೆಳಗ್ಗೆ ಅವರ ಕಿಟಕಿ ಪಕ್ಕ ಹೋಗ್ತಿದ್ದೆ. ಒಳಗಿಂದ ಮಗನ ಮಾತು ಕೇಳಿಸ್ತು.

"ಬಾವಿ ಇಂದ್ಗಡೆ ಅವ್ನೆ ಕಣ್ಲಾ. ನೀನು ಈ ಕಡೆಯಿಂದ ಬಾ, ನಾನು ಆ ಕಡೆಯಿಂದ ಬತ್ತೀನಿ. ತಲೆಗೇ ಒಡಿ, ಎದ್ದೇಳಬಾರ್ದು."

ಬೀದಿಯಲ್ಲಿ ಬಾವಿ ಇರೋದು ಹಾಲು ಹಾಕೋನ ಮನೆ ಹತ್ತಿರ ಒಂದೇ. ಅವನಿಗೆ ಆಗದವರು ಬೇಕಾದಷ್ಟು ಜನ ಇದ್ದರು. ಹೇಳೋದು ನನ್ನ ಧರ್ಮ, ಹೇಳಿದೆ. ಅವನು ಹಿತ್ತಲ ಬಾಗಿಲಿಂದ ಓಡಿ ಹನಕೆರೆಯ ಅತ್ತೆ ಮನೆಯಲ್ಲಿ ಮೂರು ದಿವಸ ಕೂತ. ಆಮೇಲೆ ನೋಡಿದರೆ ಅದು ಫೋನಲ್ಲಿ ಗೆಳೆಯನ ಜೊತೆ ಮಾತಾಡ್ತಾ ಆಡೋ ಕಂಪ್ಯೂಟರ್ ಒಳಗಿನ ಆಟ. ಆ ಬಾವಿಯೂ ಸುಳ್ಳು, ಸಾಯೋರೂ ಸುಳ್ಳು. ಎಲ್ಲರೂ ನನಗೆ ಬೈದರು. ಆದರೆ ಅವತ್ತಿಂದ ಆ ಮಹರಾಯ ಹಾಲಿಗೆ ನೀರು ಬೆರೆಸೋದು ನಿಲ್ಲಿಸಿದ. ಅದಕ್ಕೆ ಒಬ್ಬರೂ ನನ್ನ ಹೊಗಳಲಿಲ್ಲ.

ಮೇನ್ ಸ್ವಿಚ್ಚು

ಆಟ ತಡೆದು ತಡೆದು ಓಡ್ತದೆ, ಕಂಪ್ಯೂಟರಿಗೆ ಹೊಸ ಗ್ರಾಫಿಕ್ಸ್ ಕಾರ್ಡು, ಪ್ರಾಸೆಸರ್ರು ಹಾಕಿಸಬೇಕು ಅಂತ ಮಗ ವರಾತ ಹಿಡಿದ. ಅಪ್ಪನಿಗೆ ಅರ್ಥ ಆಗಲಿಲ್ಲ. "ನಂಗೆ ಗೊತ್ತಿರೋ ಮಾತಲ್ಲಿ ಯೋಳ್ಲಾ" ಅಂದ.

"ಕಾರ್ಡು ಅಂದ್ರೆ ಗಾಣ ಕಣಪ್ಪ. ಪ್ರಾಸೆಸರ್ರು ಅಂದ್ರೆ ಗಾಣಕ್ಕೆ ಕಬ್ಬು ಕೊಡೋನು. ಗಾಣ ಎಷ್ಟೇ ಜೋರಾಗಿರ್ಲಿ, ಕಬ್ಬು ಕೊಡೋನು ತೂಕಡಿಸ್ತಾ ಕೂತ್ರೆ ಕಬ್ಬಿನಾಲು ಬತ್ತದಾ?"

"ಬರಕಿಲ್ಲ."

"ಅದ್ಕೇ ಎಲ್ಡೂ ಬೇಕು."

"ಸರಿ. ಹಂಗಾದ್ರೆ ಎಲ್ಡೂ ಬ್ಯಾಡ ಬುಡು" ಅಂದ ಅಪ್ಪ. ಗಾಣದೋನಿಗೆ ಗಾಣದ ಲೆಕ್ಕದಲ್ಲೇ ಹೇಳಿದ್ದು ತಪ್ಪಾಯ್ತು.

ಅವ್ವನ ದಾರಿ ಬೇರೆ. ಭಾನುವಾರ ಮಧ್ಯಾಹ್ನ ಊಟಕ್ಕೆ ಮೂರು ಸಲ ಕರೀತಿದ್ದಳು. ಬರದಿದ್ದರೆ ಜಗಲಿಗೆ ಬಂದು ಮೇನ್ ಸ್ವಿಚ್ಚು ಇಳಿಸಿಬಿಡ್ತಿದ್ದಳು. ಮತ್ತೆ ಸ್ವಿಚ್ಚು ಹಾಕು ಅಂತ ಒಳಗಿಂದ "ಅವ್ವಾ, ಆಕು" ಅನ್ನೋ ಕೂಗು ಬೀದಿ ಕೊನೆವರೆಗೂ ಕೇಳ್ತಿತ್ತು. ಅದನ್ನ ಕೇಳಿಕೊಂಡೇ ನಾವು ಮುದ್ದೆಗೆ ಎಸರು ಇಡ್ತಿದ್ದೆವು.

ಕೊನೇ ಜಗಳದಲ್ಲಿ ಅಪ್ಪ "ಆ ಕಾರ್ಡು ಅನ್ನ ಆಕ್ತದೇನ್ಲಾ" ಅಂದ. ಮಗ ತಟ್ಟೆ ಬಿಟ್ಟು ಎದ್ದ. ತಿಂಗಳೊಳಗೆ ಅವನಿಗೆ ಕಾಮಾಲೆ. ಯಾರೋ ಬೇರು ಕೊಡ್ತಾರೆ ಅಂತ ಮೊದಲು ಅಲ್ಲಿಗೆ ಕರಕೊಂಡು ಹೋದರು, ಆಮೇಲೆ ಆಸ್ಪತ್ರೆ. ಬೇರಿನ ಸುದ್ದಿ ಹೇಳಿದೋಳು ನಾನೇ ಅಂತ ಬೀದಿಯಲ್ಲಿ ಆಡಿಕೊಳ್ತಾರೆ. ನಾನು ದಾರಿ ಹೇಳಿದೆ, ಅಷ್ಟೆ.

ಕೊನೇ ದಿವಸ ಆಸ್ಪತ್ರೆಯಲ್ಲಿ ಕರೆಂಟು ಹೋಯ್ತಂತೆ. ಕಣ್ಣು ಬಿಡೋಕಾಗದೆ ಮಲಗಿದ್ದೋನು "ಅವ್ವಾ, ಆಕು" ಅಂದನಂತೆ. ಪಕ್ಕದ ಮಂಚದೋರು ನಕ್ಕುಬಿಟ್ಟರಂತೆ. ಅವ್ವನೂ ನಕ್ಕಳಂತೆ. ಕರೆಂಟು ಬರೋ ಹೊತ್ತಿಗೆ ಅವನಿರಲಿಲ್ಲ.

ಮೊದಲನೇ ಎಡೆ

ಪಿತೃಪಕ್ಷದಲ್ಲಿ ಸತ್ತವರಿಗೆ ಇಷ್ಟ ಆಗಿದ್ದೆಲ್ಲ ಎಡೆ ಇಡ್ತೀವಲ್ಲ, ಬೀಡಿ ಸೇದೋರಿಗೆ ಬೀಡಿ, ಕುಡಿಯೋರಿಗೆ ಕ್ವಾಟ್ರು. ನಮ್ಮ ಯಜಮಾನರಿಗೆ ಕ್ವಾಟ್ರು ಇಟ್ಟು, ಧೂಪ ಹಾಕಿ, ಬಾಗಿಲು ಮುಂದೆ ಮಾಡಿಕೊಂಡು ಆಚೆ ನಿಂತರೆ, ತೆಗೆಯೋ ಹೊತ್ತಿಗೆ ಅರ್ಧ ಖಾಲಿ. ಅವರೇ ಮೇಲಿಂದ ಬಂದು ಕುಡಿದರೋ, ಹಿತ್ತಲ ಕಡೆಯಿಂದ ಮೈದುನ ಬಂದನೋ, ನಾನು ವಿಚಾರಿಸೋಕೆ ಹೋಗಿಲ್ಲ. ಇಬ್ಬರಲ್ಲಿ ಯಾರು ಕುಡಿದರೂ ಆವತ್ತು ಮನೆಯಲ್ಲಿ ಜಗಳ ಇರೋದಿಲ್ಲ.

ಆಮೇಲೆ ಒಂದು ಎಲೆ ಆಚೆ ಕಾಗೆಗೆ ಇಡಬೇಕು. ಕಾಗೆ ಮುಟ್ಟಿದರೆ ಸತ್ತವರು ಉಂಡರು ಅಂತ. ಮುಟ್ಟದಿದ್ದರೆ ಏನೋ ಆಸೆ ಉಳಿಸಿಕೊಂಡು ಹೋಗವರೆ ಅಂತ. ಫಿಟ್ಟರ ಮನೆಯ ಎಲೆಗೆ ಹೋದ ವರ್ಷ ಕಾಗೆ ಬರಲಿಲ್ಲ. ಬಿರಿಯಾನಿ ಇತ್ತು, ಹೊಸ ಪ್ಯಾಂಟಿತ್ತು. ಸಂಜೆವರೆಗೂ ಕಾದು ಫಿಟ್ಟರನ ಹೆಂಡ್ತಿ ಎಲೆ ಎತ್ತಿದಳು. "ಮಗ ಅಸ್ಕಂಡವ್ನೆ" ಅಂದಳು. ಅವತ್ತಿಂದ ಒಂದೇ ಹೊತ್ತು ಉಣ್ತಿದ್ದಳು. ಗಂಡನ ಜೊತೆ ಮಾತೂ ನಿಂತುಹೋಯ್ತು. ಕೈ ಬಳೆ ಮೊಣಕೈವರೆಗೂ ಜಾರೋ ಹಾಗಾದಳು.

"ಯಾವಳನ್ನಾದ್ರೂ ಮನಸಲ್ಲಿ ಇಟ್ಕಂಡಿದ್ನೇನೋ, ಮೊಬೈಲ್ ನೋಡವ್ವ" ಅಂತ ನಾನು ಹೇಳಿದೆ. ಅವಳು ಮೊಬೈಲ್ ನೋಡಲಿಲ್ಲ, ನನ್ನ ಮುಖವನ್ನೂ ಎಂಟು ದಿವಸ ನೋಡಲಿಲ್ಲ.

ಬೇರಿಂಗು ನೋಡಿದ್ದು

ಈ ವರ್ಷ ಪಕ್ಷಕ್ಕೆ ಮುಂಚೆ ಫಿಟ್ಟರಪ್ಪ, ಉಳಿದ ಆಸೆ ಆ ಕಾರ್ಡೇ ಇರಬೇಕು ಅಂತ, ಮಗ ಬರೆದಿಟ್ಟಿದ್ದ ಸಾಮಾನಿನ ಚೀಟಿ ಹಿಡಿದು ಮಂಡ್ಯಕ್ಕೆ ಹೊರಟ. ನನಗೂ ಕಣ್ಣು ತೋರಿಸೋದಿತ್ತು, ಜೊತೆಗೆ ಹೋದೆ. ಕಣ್ಣು ಇವತ್ತಿಗೂ ತೋರಿಸಿಲ್ಲ.

ಕಂಪ್ಯೂಟರ್ ಅಂಗಡಿ ಭಾಯಿ ಒಂದು ಕಾರ್ಡು ತೆಗೆದು ಮುಂದಿಟ್ಟ. ಇಟ್ಟಿಗೆಯಷ್ಟು ಉದ್ದ, ಮೇಲೆ ಎರಡು ಫ್ಯಾನು. ಫಿಟ್ಟರಪ್ಪ ಕೈಯಲ್ಲಿ ತೂಗಿದ. ಬೆರಳಲ್ಲಿ ಫ್ಯಾನು ತಿರುಗಿಸಿ ಕಿವಿ ಹತ್ತಿರ ಹಿಡಿದ.

"ಬೇರಿಂಗು ಚೆನ್ನಾಗದೆ. ಆದ್ರೆ ತೂಕ ಸಾಲ್ದು. ಇದ್ಕಿಂತ ಭಾರದ್ದು ಕೊಡಿ."

"ಯಜಮಾನ್ರೆ, ಇದನ್ನ ತೂಕದ ಮೇಲೆ ತಕಳಾದಲ್ಲ. ಪ್ರಾಸೆಸರ್ ಯಾವ್ದು ಐತೆ?"

"ಅವನದ್ದೇ. ಹಳೇದು."

"ಅದು ಇದನ್ನ ಎಳೆಯಲ್ಲ. ಎರಡೂ ಬದಲಾಯಿಸಿ. ಈಗಲೇ ಬೇಡ ಅಂದ್ರೆ ಪ್ರಾಸೆಸರ್ ಮೊದಲು ಹಾಕ್ಸಿ, ಕಾರ್ಡು ಆಮೇಲೆ."

"ಅದು ಎಷ್ಟು ದಪ್ಪ ಇರ್ತದೆ?"

ಭಾಯಿ ಬೆರಳಲ್ಲಿ ಬಿಸ್ಕತ್ತಿನಷ್ಟು ತೋರಿಸಿದ. ಫಿಟ್ಟರಪ್ಪ ತಲೆ ಆಡಿಸಿದ. "ಅಷ್ಟು ಸಣ್ಣದು ಇಟ್ರೆ ಕಾಗೆಗೆ ಕಾಣ್ಸಕಿಲ್ಲ."

ಭಾಯಿ ನನ್ನ ಮುಖ ನೋಡಿದ. ನಾನು ಎಲ್ಲ ಹೇಳಿದೆ. ಹೇಳದೆ ಇರೋಕೆ ನನಗೆ ಯಾವತ್ತೂ ಆಗಿಲ್ಲ. ಅವನು ಎದ್ದು ಹೋಗಿ ಒಳಗಿಂದ ಎಲ್ಲಕ್ಕಿಂತ ದೊಡ್ಡ ಕಾರ್ಡು ತಂದ. "ಇದಕ್ಕೂ ಅದೇ ಮಾತು, ಪ್ರಾಸೆಸರ್ ಇಲ್ದೆ ನಡೆಯಲ್ಲ. ಉದ್ದಾನೂ ಜಾಸ್ತಿ, ಹಳೇ ಡಬ್ಬಕ್ಕೆ ಹಿಡಿಯಲ್ಲ."

"ಡಬ್ಬ ಕೊಯ್ತೀನಿ" ಅಂದ ಫಿಟ್ಟರಪ್ಪ. ಮಾರನೇ ದಿವಸ ಗಾಣದ ಕಟ್ಟರ್ ಹಿಡಿದು ಕೊಯ್ದೇ ಬಿಟ್ಟ. ಕಂಪ್ಯೂಟರ್ ಈಗ ಬಾಯಿ ಬಿಟ್ಟುಕೊಂಡು ಕೂತದೆ.

ಎರಡನೇ ಎಡೆ

ಎಡೆ ದಿವಸ ಮೊರದಲ್ಲಿ ಹೊಸ ಅಂಗಿ, ಅದರ ಮೇಲೆ ಕಾರ್ಡು, ಕಾರ್ಡಿಗೆ ವಿಭೂತಿ, ಕುಂಕುಮ, ಒಂದು ಚೆಂಡು ಹೂವು. ಪಕ್ಕದಲ್ಲಿ ಹಳೇ ಕಂಪ್ಯೂಟರನ್ನ ಹಂಗೇ ಆನ್ ಮಾಡಿ ಇಟ್ಟಿದ್ದರು, ಮಗನ ಆಟ ಕಾಣೋ ಹಾಗೆ. ಕಾಗೆ ಎಲೆಯನ್ನ ಕಾಂಪೌಂಡ್ ಮೇಲೆ ಇಟ್ಟು, ಕಾರ್ಡನ್ನೂ ತಂದು ಪಕ್ಕಕ್ಕಿಟ್ಟ ಅಪ್ಪ.

ನುಗ್ಗೆ ಮರದ ಮೇಲೆ ಒಂದು ಕಾಗೆ ಬಂದು ಕೂತ್ಕೊಂತು. ಇಳೀಲಿಲ್ಲ. ಒಂದು ಗಂಟೆ ಆಯ್ತು. ಅವ್ವ ಹೊಸ್ತಿಲ ಮೇಲೆ ಕೂತು ನೋಡ್ತಾನೇ ಇದ್ದಳು. ಈ ಸಲವೂ ಎಲೆ ಎತ್ತಬೇಕಾಗಿ ಬಂದರೆ ಆ ಒಂದು ಹೊತ್ತಿನ ಊಟವೂ ನಿಲ್ತದೆ ಅಂತ ಬೀದಿಗೆಲ್ಲ ಗೊತ್ತಿತ್ತು.

ಫಿಟ್ಟರಪ್ಪ ಸ್ಪೀಕರ್ ಹಾಕಿ ಭಾಯಿಗೆ ಫೋನ್ ಮಾಡಿದ. "ನೀವು ಕೊಟ್ಟ ಕಾರ್ಡಲ್ಲಿ ಏನೋ ತೊಂದ್ರೆ ಅದೆ. ಕಾಗೆ ಮುಟ್ತಾ ಇಲ್ಲ."

"ಯಜಮಾನ್ರೆ, ವಾರಂಟಿಯಲ್ಲಿ ಕಾಗೆ ಬರಲ್ಲ" ಅಂದ ಭಾಯಿ. ಆಮೇಲೆ, "ಪ್ರಾಸೆಸರ್ ಬಗ್ಗೆ ಹೇಳಿದ್ನಲ್ಲ. ಚೀಟೀಲಿ ಅದೂ ಇತ್ತು" ಅಂದ.

ಫಿಟ್ಟರಪ್ಪ ಫೋನಿಟ್ಟು ಮರದ ಕಡೆ ಕೈಮುಗಿದ. "ತಪ್ಪಾಯ್ತು ಕಣ್ಲಾ ಮಗ. ಕಬ್ಬು ಕೊಡೋನೂ ಬೇಕು ಅಂದಿದ್ದೆ ನೀನು. ನಾಳೀಕೇ ಪ್ರಾಸೆಸರ್ರೂ ತತ್ತೀನಿ. ಉಣ್ಲಾ."

ಕಾಗೆ ಹಾರಿ ಕಾಂಪೌಂಡಿನ ಆ ತುದಿಗೆ ಬಂತು. ಕಾರ್ಡು ನೋಡಿತು, ಎಲೆ ನೋಡಿತು, ಅಲ್ಲೇ ನಿಂತಿತು.

ಆಗ ಅವಳು ಎದ್ದು ಹೋಗಿ ಗಂಡನ ಪಕ್ಕ ನಿಂತಳು. ಕಾಗೆಗೆ ಹೇಳಿದಳು: "ಮೇನ್ ಇಳ್ಸಕಿಲ್ಲ ಕಣಪ್ಪ. ಇನ್ಯಾವತ್ತೂ ಇಳ್ಸಕಿಲ್ಲ. ಉಂಡು ಆಡ್ಕೊ."

ಕಾಗೆ ಕುಪ್ಪಳಿಸಿ ಬಂದು ಬಿರಿಯಾನಿಗೆ ಬಾಯಿ ಹಾಕಿತು. ಎರಡನೇ ತುತ್ತು ಎತ್ತಿತ್ತು, ಒಳಗೆ ಗುಂಯ್ ಅಂತಿದ್ದ ಕಂಪ್ಯೂಟರ್ ಟಪ್ ಅಂತ ನಿಂತಿತು. ಫ್ಯಾನು ನಿಂತಿತು. ಬೀದಿಗೆಲ್ಲ ಕರೆಂಟು ಹೋಗಿತ್ತು.

ನಾವೆಲ್ಲ ಅವಳ ಕಡೆ ತಿರುಗಿದೆವು. ಕಾಗೆಯೂ ಎಲೆಯಿಂದ ತಲೆ ಎತ್ತಿ, ಅವಳನ್ನೇ ನೋಡಿ, ಕಾ ಅಂತು.

ಅವಳು ಎರಡೂ ಕೈ ಮೇಲೆತ್ತಿ ಕಾಗೆಗೆ ತೋರಿಸಿದಳು.

"ನಾನಲ್ಲ ಕಣ್ ಮಗ. ಲೈನ್‌ಮ್ಯಾನು."