ಹೊಳೆದಂಡೆಗೆ ಹೊರಟ ಮಡಚದ ಚಾಕು

ಕೆಲವರಿಗೆ ಹೊಸ ಬಟ್ಟೆ ತೊಟ್ಟರೆ ಎದೆ ಉಬ್ಬುತ್ತದೆ, ಕೆಲವರಿಗೆ ಬಡ್ತಿ ಸಿಕ್ಕರೆ. ನನಗೆ ಕೈಗೊಂದು ಹತಾರ ಸಿಕ್ಕರೆ ಸಾಕು, ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ಅದನ್ನು ಬಳಸಲು ಬರುತ್ತದೆಯೇ ಎಂದು ಮಾತ್ರ ಯಾರೂ ಕೇಳಬಾರದು. ಸ್ಕ್ರೂಡ್ರೈವರ್ ಕೊಂಡ ವಾರ ಮನೆಯ ರೇಡಿಯೋ ಬಿಚ್ಚಿದೆ. ಮತ್ತೆ ಜೋಡಿಸಿದ ಮೇಲೆ ನಾಲ್ಕು ತಿರುಪು ಉಳಿದವು, ರೇಡಿಯೋ ಮೌನವ್ರತ ಹಿಡಿಯಿತು. ಸುತ್ತಿಗೆ ಕೊಂಡ ವಾರ ಕ್ಯಾಲೆಂಡರಿಗೆಂದು ಮೊಳೆ ಹೊಡೆಯಲು ಹೋಗಿ ಅಂಗೈಯಗಲದ ಗಾರೆ ಕೆಡವಿದೆ. ಆ ತೂತು ಮುಚ್ಚಲು ಇನ್ನೊಂದು ದೊಡ್ಡ ಕ್ಯಾಲೆಂಡರ್ ತರಬೇಕಾಯಿತು. ಇಷ್ಟಾದರೂ ಬುದ್ಧಿ ಬಂತೇ ಎಂದರೆ, ಬಂದಿದ್ದರೆ ಈ ಚಾಕುವಿನ ಕಥೆಯೇ ಇರುತ್ತಿರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ದಾವಣಗೆರೆಯ ಒಂದು ಕಚೇರಿಯಲ್ಲಿ ಗುಮಾಸ್ತ, ವಿದ್ಯಾನಗರದಲ್ಲಿ ಬಾಡಿಗೆ ಮನೆ. ನಮ್ಮ ಹೆಡ್ ಗುಮಾಸ್ತರಾದ ಬಸವರಾಜಪ್ಪನವರಿಗೆ ಒಂದು ಮಧ್ಯಾಹ್ನ ಫೈಲುಗಳ ದೂಳಿನಲ್ಲಿ ಸೀನುತ್ತ ಸೀನುತ್ತ ಪ್ರಕೃತಿಯ ನೆನಪಾಯಿತು. "ಎಲ್ಲಾರೂ ಹರಿಹರಕ್ಕೆ ಹೋಗೋಣ್ರಿ. ಹೊಳಿ ದಂಡೀಗೆ ತಾಡಪಾಲು ಕಟ್ಟಿ, ಅಲ್ಲೇ ಅಡಿಗಿ ಮಾಡಿ ಉಂಡು ಬರೋಣು" ಎಂದರು. ಕ್ಯಾಲೆಂಡರಿನಲ್ಲಿ ಹದಿನೈದು ದಿನದಾಚೆ ಒಂದು ಕೆಂಪು ಅಂಕಿ ಇತ್ತು. ಅದು ರಜೆ ಎಂಬುದಷ್ಟೇ ನಮಗೆ ಕಂಡಿತು. ಯಾವ ರಜೆ ಎಂದು ಮೂವರಲ್ಲಿ ಒಬ್ಬರೂ ನೋಡಲಿಲ್ಲ. ಮೂವರೆಂದರೆ ಬಸವರಾಜಪ್ಪನವರು, ಟೈಪಿಸ್ಟ್ ನಾಗರಾಜ ಮತ್ತು ನಾನು.

ಬಸವರಾಜಪ್ಪನವರು ಕೂತಲ್ಲೇ ಕೆಲಸ ಹಂಚಿದರು. ತಾಡಪಾಲು ಮತ್ತು ಪಾತ್ರೆ ಅವರದು, ತರಕಾರಿ ನಾಗರಾಜನದು. "ಚಾಕು?" ಎಂದರು. "ನಂದು!" ಎಂದು ನಾನು ಎದ್ದು ನಿಂತೇಬಿಟ್ಟೆ. ವಾಚನಾಲಯದ ಹಳೆಯ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ನಾನು ಒಂದು ಚಿತ್ರ ನೋಡಿದ್ದೆ. ಒಬ್ಬ ಗಡ್ಡದ ಮನುಷ್ಯ ಕಾಡಿನಲ್ಲಿ ಡೇರೆಯ ಮುಂದೆ ನಿಂತಿದ್ದಾನೆ, ಸೊಂಟದಲ್ಲಿ ಚರ್ಮದ ಒರೆ, ಒರೆಯಲ್ಲಿ ನೆಟ್ಟಗಿನ ಚಾಕು. ಅಂದಿನಿಂದ ನನಗೆ ಆ ಚಾಕುವಿನದೇ ಧ್ಯಾನ. ಗಡ್ಡ ಬಿಡಲು ಸಾಹೇಬರ ಹೆದರಿಕೆ ಇತ್ತು, ಚಾಕುವಿಗೆ ಯಾರ ಅಡ್ಡಿ?

ಲಾರಿ ಗ್ಯಾರೇಜುಗಳ ಸಾಲಿನಲ್ಲಿ ದಾದಾಪೀರ್ ಸಾಬರ ಕುಲುಮೆ ಇತ್ತು. ಲಾರಿಯ ಮುರಿದ ಕಮಾನುಪಟ್ಟಿಗಳನ್ನು ಕಾಯಿಸಿ, ಬಡಿದು, ಅವರು ಕುಡುಗೋಲು, ಮಚ್ಚು, ಚಾಕು ಮಾಡುತ್ತಿದ್ದರು. ನಾನು ಮೊದಲು ಕೇಳಿದ್ದು ಮಡಚುವ ಚಾಕು ಇದೆಯೇ ಎಂದು, ಬೆಲೆ ತಿಳಿಯಲು. ಅವರಿಗೆ ಸಿಟ್ಟೇ ಬಂತು.

"ಮಡಚೋ ಚಾಕು ನಡ ಮುರಿದ ಆಳಿದ್ದಂಗ ಸಾಹೇಬ್ರೆ. ಜೋರು ಕೊಟ್ರೆ ನಿಮ್ಮ ಬೆರಳಿಗೇ ಮಡಚ್ಕೋತೈತೆ. ಇದನ್ನ ನೋಡ್ರಿ. ಅಲಗು ಹಿಡಿಕಿ ತುದೀತನಕ ಒಂದೇ ಕಬ್ಬಿಣ. ಲಾರಿ ಹೊತ್ತ ಕಬ್ಬಿಣ ಐತಿ, ನಿಮ್ಮನ್ನ ಹೊರಂಗಿಲ್ಲೇನು?"

ಗೇಣುದ್ದದ ಅಲಗು, ಜಾಲಿಮರದ ಹಿಡಿಕೆ, ಮೂರು ಹಿತ್ತಾಳೆ ಮೊಳೆ. ಏಳೇ ರೂಪಾಯಿ! ಆ ಗಡ್ಡದವನು ಎಷ್ಟು ಡಾಲರು ಸುರಿದಿದ್ದನೋ ಪಾಪ! ದಾದಾಪೀರ್ ಸಾಬರು ಇನ್ನೂ ಏನೋ ಹೇಳುತ್ತಿದ್ದಂತೆಯೇ ಹಣ ಕೊಟ್ಟು, ಚಾಕುವನ್ನು ಪತ್ರಿಕೆಯಲ್ಲಿ ಸುತ್ತಿಕೊಂಡು ಸೈಕಲ್ ಹತ್ತಿದೆ. ದಾರಿಯಲ್ಲಿ ಚಪ್ಪಲಿ ಹೊಲಿಯುವವನ ಹತ್ತಿರ ನಿಂತು ಹಳೆಯ ಬೂಟಿನ ಚರ್ಮದಲ್ಲಿ ಒರೆಯನ್ನೂ ಮಾಡಿಸಿದೆ. ಮನೆ ಮುಟ್ಟುವ ಹೊತ್ತಿಗೆ ನಾನು ಅರ್ಧ ಕಾಡುಮನುಷ್ಯನಾಗಿದ್ದೆ.

ನನ್ನ ಹೆಂಡತಿ ಶಾಂತ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಚಲೋ ಐತ್ರಿ. ಈಳಿಗಿ ಹಲ್ಲು ಹೋಗೈತೆ, ಇದನ್ನ ಅಡಿಗಿಮನಿಗೆ ಕೊಡ್ರಿ" ಎಂದಳು. ನನಗೆ ಮೈ ಉರಿಯಿತು. "ಅಡಿಗಿಮನಿ ಚಾಕು ಅಲ್ಲ ಕಣೆ ಇದು, ಆಯುಧ!" ಎಂದು ಒರೆಗೆ ಸೇರಿಸಿದೆ. ಮುಂದಿನ ಹದಿನೈದು ದಿನ ಅದನ್ನು ಪ್ಯಾಂಟಿನ ಬೆಲ್ಟಿಗೆ ಸಿಕ್ಕಿಸಿಕೊಂಡು ಸಂಜೆ ಅಂಗಳದಲ್ಲಿ ಓಡಾಡಿದೆ. ಪಕ್ಕದ ಮನೆಯ ಮೇಷ್ಟ್ರಿಗೆ ತೋರಿಸಿದೆ, ಹಾಲಿನವನಿಗೆ ತೋರಿಸಿದೆ. ಕಚೇರಿಗೆ ಊಟದ ಚೀಲದಲ್ಲಿಟ್ಟು ಒಯ್ದು ನಾಗರಾಜನ ಕಣ್ಣು ಅರಳಿಸಿದೆ. ಹೆಬ್ಬೆರಳಿನಿಂದ ಅಲಗನ್ನು ಸವರಿ ನೋಡುವ ಧೈರ್ಯ ಮಾತ್ರ ಮಾಡಲಿಲ್ಲ. ಅಷ್ಟು ಹರಿತ ಅದು ಎಂದು ಎಲ್ಲರಿಗೂ ನಾನೇ ಹೇಳಿದ್ದೆ. ಬಸವರಾಜಪ್ಪನವರು ಸಂತೋಷದಿಂದ, "ಮತ್ತ್ಯಾರೂ ಚಾಕು ತರೋದು ಬ್ಯಾಡ್ರಿ, ಇದೊಂದೇ ಸಾಕು" ಎಂದು ಫರ್ಮಾನು ಹೊರಡಿಸಿದರು. ಅಂದರೆ ಹೊಳೆದಂಡೆಯಲ್ಲಿ ಮಾಡಬೇಕಿದ್ದ ಬದನೆಕಾಯಿ ಎಣ್ಣೆಗಾಯಿಯ ಭಾರವೂ ನನ್ನ ಮಾನದ ಭಾರವೂ ಆ ಒಂದು ಚಾಕುವಿನ ಮೇಲೆ ಬಿತ್ತು. "ನಾ ಬೇಕಾದ್ರೆ ಎಲ್ಲಾ ಹೆಚ್ಚಿ ಕಟ್ಟಿ ಕೊಡ್ತೀನ್ರಿ" ಎಂದು ಶಾಂತ ಎರಡು ಸಲ ಹೇಳಿದಳು. ಹೆಚ್ಚಿದ ಬದನೆಕಾಯಿ ಕಟ್ಟಿಕೊಂಡು ಹೋಗುವವನಿಗೆ ಚಾಕು ಯಾತಕ್ಕೆ ಎಂದು ನಾನು ನಕ್ಕುಬಿಟ್ಟೆ.

ಕೆಂಪು ಅಂಕಿಯ ದಿನ ಬೆಳಗ್ಗೆ ಸ್ನಾನ ಮುಗಿಸಿ ಬಂದು ನೋಡುತ್ತೇನೆ, ಬೆಲ್ಟು ಇದೆ, ಒರೆ ಇದೆ, ಚಾಕು ಇಲ್ಲ! ದೇವರಕೋಣೆಯ ಮುಂದೆ ಈಳಿಗೆ, ಹೊಲಿಗೆ ಯಂತ್ರದ ಕತ್ತರಿ, ನನ್ನ ಸ್ಕ್ರೂಡ್ರೈವರ್, ಸುತ್ತಿಗೆ ಎಲ್ಲ ಸಾಲಾಗಿ ಕೂತಿದ್ದವು. ನಟ್ಟನಡುವೆ ನನ್ನ ಚಾಕು, ಮೈತುಂಬ ವಿಭೂತಿ ಕುಂಕುಮ, ಹಿಡಿಕೆಗೆ ಚೆಂಡುಹೂವು.

"ಇವತ್ತು ಆಯುಧಪೂಜೆ ಅಲ್ಲೇನ್ರಿ?" ಎಂದಳು ಶಾಂತ. "ಪೂಜಿಗೆ ಇಟ್ಟಿದ್ದನ್ನ ಇವತ್ತು ಕೆಲಸಕ್ಕೆ ಹಚ್ಚಂಗಿಲ್ಲ."

"ಮತ್ತೆ ಸೈಕಲ್ಲಿಗೂ ಪೂಜೆ ಮಾಡೀಯಲ್ಲ! ಅದನ್ನ ತುಳೀಬಹುದೇನು?"

"ಅದು ವಾಹನ, ಓಡಬೇಕು. ಇದು ಆಯುಧ. ನೀವೇ ಅಂದಿದ್ರಿ."

ನಾನು ಬೇಡಿದೆ, ರೇಗಿದೆ, ಬಸವರಾಜಪ್ಪನವರ ಮುಖ ನೆನೆದು ಬೆವರಿದೆ. ಕೊನೆಗೆ ಅವಳು ಒಂದು ದಾರಿ ಕೊಟ್ಟಳು. "ತಗೊಂಡು ಹೋಗ್ರಿ. ಆದ್ರ ಒಂದು ಮೆಣಸಿನಕಾಯೂ ಕೊಯ್ಯಂಗಿಲ್ಲ. ನನ್ನ ಮೇಲೆ ಆಣೆ ಮಾಡ್ರಿ." ಆಣೆ ಮಾಡಿದೆ. ಹೂವಿನ ಸಮೇತ ಚಾಕುವನ್ನು ಒರೆಗಿಳಿಸಿ ಹೊರಟೆ.

ಮೂವರೂ ಸೈಕಲ್ ತುಳಿದು ಹರಿಹರ ಮುಟ್ಟಿದೆವು. ತುಂಗಭದ್ರೆ ಮೈತುಂಬಿಕೊಂಡು ಹರಿಯುತ್ತಿದ್ದಳು. ದಂಡೆಯ ಮೇಲೆ ತಾಡಪಾಲು ಕಟ್ಟಿದ್ದಾಯಿತು, ಮೂರು ಕಲ್ಲು ಹೂಡಿ ಒಲೆ ಹೊತ್ತಿಸಿದ್ದಾಯಿತು. ನಾಗರಾಜ ಚೀಲ ಸುರುವಿದ. ಬದನೆಕಾಯಿ, ಈರುಳ್ಳಿ, ಮೆಣಸಿನಕಾಯಿ, ತೆಂಗಿನಕಾಯಿ. "ಹೂಂ, ಎಲ್ರಿ ನಿಮ್ಮ ಚಾಕು?" ಎಂದರು ಬಸವರಾಜಪ್ಪನವರು. ನಾನು ಅದನ್ನು ಮೆಲ್ಲಗೆ ಹೊರತೆಗೆದೆ. ಕುಂಕುಮ ಕಂಡದ್ದೇ ತಡ, ಅವರು ಚಪ್ಪಲಿ ಕಳಚಿ ಎರಡೂ ಕೈ ಮುಗಿದರು.

ನಾನು ಆಣೆಯ ವಿಷಯ ಹೇಳಿದೆ. ನಾಗರಾಜ ಹಸಿದ ಹೊಟ್ಟೆ ಹಿಡಿದುಕೊಂಡು, "ಸಾರ್, ಇಲ್ಲಿ ಯಾರು ನೋಡ್ತಾರ್ರಿ?" ಎಂದ. ಬಸವರಾಜಪ್ಪನವರು ಅವನನ್ನು ಗದರಿ, ಊರೊಳಗೆ ಎಲ್ಲಾದರೂ ಒಂದು ಚಾಕು ಕೇಳಿ ತಾ ಎಂದು ಅಟ್ಟಿದರು. ಅವನು ಮುಕ್ಕಾಲು ಗಂಟೆಯ ಮೇಲೆ ಬರಿಗೈಲಿ ಬಂದ. ಕೇಳಿದ ಮನೆಗಳಲ್ಲೆಲ್ಲ ಈಳಿಗೆ ಪೂಜೆಗೆ ಕೂತಿತ್ತಂತೆ. ಬಸ್‌ಸ್ಟ್ಯಾಂಡಿನ ಹತ್ತಿರ ಚಾಕು ಮಾರುವ ಒಬ್ಬ ಸಾಬರಿದ್ದರು. ಅವರೂ ಅಂಗಡಿಗೆಲ್ಲ ಹೂವು ಹಾಕಿ, "ಇವತ್ತು ಹತಾರ ಎತ್ತಂಗಿಲ್ಲ ತಮ್ಮಾ, ನಮ್ಮ ಅಬ್ಬಾನ ಕಾಲದಿಂದ ನಡದೈತೆ" ಎಂದು ಇವನ ಕೈಗೆ ಮಂಡಕ್ಕಿ ಬೆಲ್ಲ ಕೊಟ್ಟು ಕಳಿಸಿದರಂತೆ. ಅದನ್ನು ಅವನು ದಾರಿಯಲ್ಲೇ ತಿಂದು ಬಂದಿದ್ದ.

ಅವನು ಹೋಗಿ ಬರುವಷ್ಟರಲ್ಲಿ ನಾನೊಂದು ಕೆಲಸ ಮಾಡಿದ್ದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಹದಿನೈದು ದಿನದ ಹಂಬಲ, ಎದುರಿಗೆ ಹೊಳೆ, ಸೊಂಟದಲ್ಲಿ ಚಾಕು! ಜೇಬಿಗೊಂದು ಈರುಳ್ಳಿ ಇಳಿಸಿ, ಬಹಿರ್ದೆಸೆಗೆ ಹೋಗುವವನಂತೆ ಜಾಲಿಪೊದೆಯ ಹಿಂದೆ ಹೋದೆ. ಶಾಂತಳ ಮುಖ ಕಣ್ಣಮುಂದೆ ಬಂತು. ಒಂದೇ ಈರುಳ್ಳಿ ಎಂದು ಸಮಾಧಾನ ಹೇಳಿಕೊಂಡೆ. ಕಲ್ಲಿನ ಮೇಲೆ ಇಟ್ಟು ಚಾಕು ಊರಿದೆ. ಈರುಳ್ಳಿ ಜಾರಿತು. ಹಿಡಿದು ಊರಿದೆ, ನೆಗೆಯಿತು. ಮಂಡಿಯೂರಿ, ಎರಡೂ ಕೈಯಿಂದ ಹಿಡಿಕೆ ಒತ್ತಿ, ಇದ್ದಬದ್ದ ಶಕ್ತಿಯೆಲ್ಲ ಹಾಕಿದೆ. ಈರುಳ್ಳಿ ಚಪ್ಪಟೆಯಾಯಿತೇ ಹೊರತು ಹೋಳಾಗಲಿಲ್ಲ!

ಆಗ ನೆನಪಾಯಿತು, ನಾನು ಸೈಕಲ್ ಹತ್ತುವಾಗ ದಾದಾಪೀರ್ ಸಾಬರು ಹೇಳುತ್ತಿದ್ದ ಮಾತು: "ಇನ್ನೂ ಸಾಣೆ ಹಿಡಿದಿಲ್ಲ ಸಾಹೇಬ್ರೆ, ನಾಳೆ ಬರ್ರಿ." ಹದಿನೈದು ದಿನ ಇಡೀ ವಿದ್ಯಾನಗರಕ್ಕೆ ತೋರಿಸಿದ ನನ್ನ ಆಯುಧಕ್ಕೆ ಧಾರೆಯೇ ಇರಲಿಲ್ಲ. ಇವತ್ತು ಹಬ್ಬ ಇರದಿದ್ದರೆ ಆ ಇಬ್ಬರ ಕಣ್ಣೆದುರಿಗೇ ಬದನೆಕಾಯಿ ಜಜ್ಜುತ್ತ ಕೂತಿರುತ್ತಿದ್ದೆ! ಬದುಕಿದೆಯಾ ಬಡಜೀವವೇ ಎಂದುಕೊಂಡು ಚಾಕುವಿಗೆ ನಾನೂ ಕೈ ಮುಗಿದೆ.

ಪೊದೆಯಿಂದ ಹೊರಬಂದವನೇ ಗಂಭೀರವಾಗಿ, "ಏನೇ ಆಗಲಿ, ಆಣೆ ಮುರಿಯೋದು ಬ್ಯಾಡ್ರಿ" ಎಂದೆ. ಬಸವರಾಜಪ್ಪನವರು ಬೆನ್ನು ತಟ್ಟಿ, "ಮಾತು ಅಂದ್ರ ಹಿಂಗಿರಬೇಕು ನೋಡೋ ನಾಗರಾಜ" ಎಂದರು. ಆಮೇಲೆ ನಾವು ಬದನೆಕಾಯಿಗಳನ್ನು ಇಡಿಯಾಗಿ ಕೆಂಡಕ್ಕೆ ಹಾಕಿದೆವು, ಈರುಳ್ಳಿಯನ್ನು ಮುಷ್ಟಿಯಿಂದ ಗುದ್ದಿದೆವು, ಮೆಣಸಿನಕಾಯಿ ಮುರಿದೆವು, ತೆಂಗಿನಕಾಯಿಯನ್ನು ಬಂಡೆಗೆ ಅಪ್ಪಳಿಸಿದೆವು. ಸುಟ್ಟ ಬದನೆಕಾಯಿಗೆ ಉಪ್ಪು ಹಾಕಿ ಕಿವುಚಿ, ಮನೆಯಿಂದ ತಂದ ರೊಟ್ಟಿಯ ಮೇಲೆ ಹಾಕಿಕೊಂಡು ಹೊಳೆಗೆ ಕಾಲಿಳಿಬಿಟ್ಟು ತಿಂದೆವು. ಅಂಥ ಊಟ ನಾನು ಮತ್ತೆ ಉಂಡಿಲ್ಲ.

ದೀಪ ಹಚ್ಚುವ ಹೊತ್ತಿಗೆ ಗೆದ್ದುಬಂದ ದಂಡನಾಯಕನಂತೆ ಮನೆ ಹೊಕ್ಕೆ. "ಆಣೆ ಉಳಿಸಿಕೊಂಡೆ ನೋಡು" ಎಂದು ಚಾಕುವನ್ನು ಶಾಂತಳ ಕೈಗೆ ಕೊಟ್ಟೆ. ಅವಳು ಅದನ್ನು ಮೂಗಿನ ಹತ್ತಿರ ಹಿಡಿದಳು.

"ಉಳ್ಳಾಗಡ್ಡಿ ವಾಸ್ನಿ ಬರ್ತೈತಲ್ರಿ?"

ನಾನು ಸೂರು ನೋಡಿದೆ.

"ಕೊಯ್ತೇನು?"

"ಇಲ್ಲ" ಎಂದೆ, ಸಣ್ಣ ದನಿಯಲ್ಲಿ.

"ನನಗೂ ಕೊಯ್ಲಿಲ್ಲ. ತಂದ ಮರುದಿನಾನೇ ನೀವು ಬಚ್ಚಲದಾಗ ಇದ್ದಾಗ ನೋಡಿದ್ದೆ. ಹೇಳಿದ್ರೆ ನಿಮಗೆ ಸಿಟ್ಟು. ಹೆಚ್ಚಿ ಕೊಡ್ತೀನಿ ಅಂದ್ರೂ ಕೇಳಲಿಲ್ಲ. ಮಂದಿ ಮುಂದ ನಿಮ್ಮ ಮಾನ ಹೋಗಬಾರದಲ್ಲ, ಅದಕ್ಕ ಪೂಜಿಗೆ ಕೂಡ್ರಿಸಿದೆ."

ಅವಳು ಚಾಕುವನ್ನು ಒರೆಸಿ, ಹಲ್ಲು ಹೋದ ಈಳಿಗೆಯ ಪಕ್ಕದಲ್ಲಿಟ್ಟು, ಹೊಸದಾಗಿ ವಿಭೂತಿ ಬಳಿದಳು. ಬೆರಳಲ್ಲಿ ಇನ್ನೂ ಚೂರು ಉಳಿದಿತ್ತು. ಒಂದು ಕ್ಷಣ ನನ್ನನ್ನೇ ನೋಡಿ, ಅದನ್ನು ನನ್ನ ಹಣೆಗೆ ಎಳೆದುಬಿಟ್ಟಳು. ಮನೆಯ ಮೊಂಡು ಸಾಮಾನಿನ ಪೂಜೆಯಲ್ಲಿ ಒಂದು ಉಳಿದುಹೋಗುವುದು ಬೇಡ ಎನಿಸಿರಬೇಕು.