ಎತ್ತಿದ ಕೈ

ಇನ್ನು ಐದೇ ದಿನ, ಆಮೇಲೆ ಇಡೀ ಮುದ್ರಣಾಲಯ ತನ್ನನ್ನು ಬಾಯಿಬಿಟ್ಟು ನೋಡಲಿದೆ ಎಂದು ಬೈಂಡರ್ ಸೋಮವಾರ ಬೆಳಿಗ್ಗೆ ಹಲ್ಲುಜ್ಜುತ್ತಾ ಘೋಷಿಸಿದ. ಕೇಳಿಸಿಕೊಂಡಿದ್ದು ಬಚ್ಚಲಿನ ಕನ್ನಡಿ ಮಾತ್ರ.

ಪುಸ್ತಕ ಹೊಲಿಯುವುದರಲ್ಲಿ ಅವನು ಎತ್ತಿದ ಕೈ. ಆದರೆ ಒಂಬತ್ತು ವರ್ಷಗಳ ಶನಿವಾರದ ಸಭೆಗಳಲ್ಲಿ ಆ ಕೈಯನ್ನು ಒಮ್ಮೆಯೂ ಎತ್ತಿದವನಲ್ಲ. ಈ ಶನಿವಾರ ಮಾಲೀಕರು, ಪುಸ್ತಕ ಹೊಲಿಯುವ ಹೊಸ ಯಂತ್ರವನ್ನು ಯಾರು ವಹಿಸಿಕೊಳ್ಳುತ್ತೀರಿ ಎಂದು ಕೇಳುವವರಿದ್ದರು. ಸೂಜಿ ಚುಚ್ಚಿ ತೂತಾದ ಅವನ ಬೆರಳುಗಳಿಗೆ ಆ ಯಂತ್ರ ಬೇಕೇ ಬೇಕಿತ್ತು. ಆದ್ದರಿಂದ ದಿನವೂ ಕನ್ನಡಿಯೆದುರು ಕೈ ಎತ್ತುವ ಅಭ್ಯಾಸ; ತಾನೇ ರಟ್ಟು ಹಾಕಿದ ಪುಟ್ಟ ಪುಸ್ತಕದಲ್ಲಿ ಅದರ ವರದಿ.

"ಸೋಮವಾರ: ಹತ್ತು ಸಲ ಕೈ ಎತ್ತಿದೆ. ನಡುಗಿತು."

"ಮಂಗಳವಾರ: ಇಪ್ಪತ್ತು ಸಲ. ನಡುಗಲಿಲ್ಲ."

"ಬುಧವಾರ: ಒಂಬತ್ತು ವರ್ಷ ಸಹಿಸಿದ್ದು ಸಾಕು. ಶನಿವಾರ ಎಲ್ಲರೆದುರೇ ಕೈ ಎತ್ತುತ್ತೇನೆ."

ಅಂದೇ ರಟ್ಟಿನ ಪುಸ್ತಕದ ಗುಟ್ಟು ರಟ್ಟಾಯಿತು. ಓದಿದವಳು ಹೆಂಡತಿ. ಮದುವೆಯಾಗಿಯೂ ಸರಿಯಾಗಿ ಒಂಬತ್ತೇ ವರ್ಷವಾಗಿತ್ತು!

ಇದೊಂದೂ ತಿಳಿಯದ ಬೈಂಡರನಿಗೆ ಗುರುವಾರದಿಂದ ಮನೆಯವರ ಮೇಲೆಯೇ ಅನುಮಾನ. ಅವನು ಒಳಗೆ ಬಂದರೆ ಮಾತು ನಿಲ್ಲುತ್ತಿತ್ತು. ಅತ್ತೆ ಅವನ ಮುಖ ಬಿಟ್ಟು ಬಲಗೈಯನ್ನೇ ನೋಡುತ್ತಿದ್ದರು. ಪೊರಕೆ, ಕೊಡೆ, ಅವನ ಸೊಂಟದ ಬೆಲ್ಟು ಮೂರೂ ಬೀರು ಸೇರಿ ಬೀಗ ಹಾಕಿಸಿಕೊಂಡಿದ್ದವು. ಕೇಳಿದರೆ, ಗಾಳಿಯಾಡಲಿ ಅಂತ ಇಟ್ಟಿದ್ದೇನೆ ಎಂದಳು ಹೆಂಡತಿ. ಪ್ಯಾಂಟನ್ನು ಕೈಯಲ್ಲಿ ಹಿಡಿದುಕೊಂಡೇ ಕೆಲಸಕ್ಕೆ ಹೋದ. ಶುಕ್ರವಾರ, ಜಿಮ್ಮಿನಲ್ಲಿ ತರಬೇತಿ ಕೊಡುವ ಭಾಮೈದ ಕಾರಣ ಹೇಳದೆ ಬಂದು, ಊಟಕ್ಕೆ ಅವನಿಗೆ ಅಂಟಿಕೊಂಡೇ ಕೂತಾಗ ಅನುಮಾನ ಗಟ್ಟಿಯಾಯಿತು.

ಉಪ್ಪಿನ ಡಬ್ಬಿ ಮೇಲಿನ ಹಲಗೆಯಲ್ಲಿತ್ತು. ಬೈಂಡರ್ ಎದ್ದು ಕೈ ಎತ್ತಿದ. ಕೈಯ ನೇರ ಕೆಳಗೆ ಹೆಂಡತಿ ಕೂತಿದ್ದಳು.

"ಭಾವ, ನಾನಿರೋವಾಗ ಅದು ಆಗಲ್ಲ," ಎಂದು ಭಾಮೈದ ಆ ಕೈಯನ್ನು ಹಿಂದಕ್ಕೆ ತಿರುಚಿದ. ಭುಜ ಲಟಕ್ಕೆಂದಿತು.

"ಉಪ್ಪು ಕಣೋ," ಎಂದು ಬೈಂಡರ್ ನರಳಿದ.

ಆಸ್ಪತ್ರೆಯ ಬೆಂಚಿನ ಮೇಲೆ ಎಲ್ಲ ವಿವರ ಹೊರಬಂತು. ಹೆಂಡತಿ ತಪ್ಪಾಯಿತು ಎಂದಳು, ಅರ್ಧ ಅನುಮಾನ ಉಳಿಸಿಕೊಂಡೇ. ವೈದ್ಯರು ಬಲಗೈಯನ್ನು ಮೇಲಕ್ಕೆತ್ತಿ, ಹಾಗೆಯೇ ಬಿಗಿದು ಕಟ್ಟಿದರು. ಮೂರು ವಾರ ಇಳಿಸುವಂತಿಲ್ಲ!

ಶನಿವಾರದ ಸಭೆಯಲ್ಲಿ ಮಾಲೀಕರು ಕನ್ನಡಕದ ಅಂಚಿನಿಂದಲೇ ಕೈಗಳನ್ನು ಎಣಿಸಿದರು. ಗೋದಾಮು ಗುಡಿಸುವವರು ಯಾರು? ಮೇಲಿದ್ದದ್ದು ಒಂದೇ ಕೈ. ಬರೆದುಕೊಂಡರು. ನಾಲ್ಕು ಭಾನುವಾರ ಕೆಲಸಕ್ಕೆ ಬರುವವರು ಯಾರು? ಅದೇ ಕೈ. ಬರೆದುಕೊಂಡರು. ಕೊನೆಗೆ ಯಂತ್ರದ ಮಾತು ಬಂತು. ಈಗ ಗೋಂದು ಹಚ್ಚುವವನ ಕೈಯೂ ಮೇಲೆದ್ದಿತು. ಮಾಲೀಕರು ತಲೆಯೆತ್ತಿ ಬೈಂಡರನನ್ನು ನೋಡಿದರು.

"ನಿಂದು ಆಗಿಂದ ಮೇಲೇ ಇದೆಯಲ್ಲಪ್ಪ. ಯಂತ್ರ ಬೇಕು ಅಂತಲೋ, ನೋವು ಅಂತಲೋ?"

ಬೈಂಡರ್ ಅಭ್ಯಾಸ ಮಾಡಿಸಿದ್ದು ಕೈಗೆ. ಬಾಯಿಗೆ ಮಾಡಿಸಿರಲಿಲ್ಲ. ನಾಲಿಗೆಗೆ ಗೋಂದು ಹಚ್ಚಿದಂತೆ ನಿಂತ. ಯಂತ್ರ ಗೋಂದಿನವನ ಪಾಲಾಯಿತು.

ಸಂಜೆ ಮನೆಯಲ್ಲಿ, ಎಡಗೈಯ ಸೊಟ್ಟ ಅಕ್ಷರಗಳಲ್ಲಿ ಹೊಸ ನಿರ್ಧಾರ ಬರೆದ: "ಇನ್ನು ಬಾಯಿ ಬಿಡಲೇಬೇಕು."

ಪುಟದ ಮೇಲೆ ಹೆಂಡತಿಯ ನೆರಳು ಬಿತ್ತು.

"ಅಂದ್ರೆ ಇನ್ನೂ ಏನೋ ಮುಚ್ಚಿಟ್ಟಿದ್ದೀರಿ. ಈಗಲೇ ಬಾಯಿ ಬಿಡ್ತೀರೋ, ನನ್ನ ತಮ್ಮನ್ನ ಕರೀಲೋ?"

ಬೈಂಡರನ ಎಡಗೈಯೂ ತಾನಾಗಿಯೇ ಮೇಲೆ ಹೋಯಿತು.